ಗಾಳಿಯ ಲೆಕ್ಕ ಇಡುವವರು

ಕಳೆದ ಮಳೆಗಾಲಕ್ಕೆ ತುಸು ಮೊದಲು ನಮ್ಮೂರ ಸೊಸೈಟಿಯ ಮಹಡಿಯಲ್ಲಿ ಒಂದು ಸಭೆ ಇತ್ತು. ಪೇಟೆಯಿಂದ ಇಬ್ಬರು ತರುಣರು ಬಂದಿದ್ದರು. ‘ನಿಮ್ಮ ಅಡಿಕೆ ತೋಟ ಗಾಳಿಯಲ್ಲಿರುವ ಇಂಗಾಲವನ್ನು ಹೀರಿಕೊಳ್ಳುತ್ತದೆ. ಹೀರಿದ್ದಕ್ಕೆ ಲೆಕ್ಕ ಹಾಕಿ ದುಡ್ಡು ಕೊಡಿಸ್ತೇವೆ. ಈ ಕಾಗದಕ್ಕೆ ಸಹಿ ಹಾಕಿ’ ಅಂತ ಅವರ ಮಾತು. ಗೋಡೆಯ ಮೇಲೆ ಒಂದು ಚಿತ್ರ ತೋರಿಸಿದರು. ಎಡದಿಂದ ಬಲಕ್ಕೆ ಏರುತ್ತಲೇ ಹೋಗುವ ಒಂದು ಗೆರೆ. ಗರಗಸದ ಹಲ್ಲಿನ ಹಾಗೆ ಉದ್ದಕ್ಕೂ ಏರು ತಗ್ಗು.

ಹಿಂದಿನ ಸಾಲಿನಲ್ಲಿದ್ದ ನೆರೆಕರೆಯ ಅಜ್ಜರೊಬ್ಬರು ಎದ್ದು ನಿಂತರು. ‘ಅಲ್ಲ ಮಾರಾಯ್ರೆ, ಅಡಿಕೆ ತೂಗಲಿಕ್ಕೆ ತಕ್ಕಡಿ ಉಂಟು. ಹಾಲು ಅಳೆಯಲಿಕ್ಕೆ ಲೀಟರ್ ಉಂಟು. ಗಾಳಿಯೊಳಗಿನ ಇಂಗಾಲ ಅಳೆದವ ಯಾರು? ಯಾವ ತಕ್ಕಡಿಯಲ್ಲಿ ತೂಗಿದ್ದು?’

‘ಅದೆಲ್ಲ ವಿಜ್ಞಾನಿಗಳು ಮಾಡ್ತಾರೆ ಅಜ್ಜ, ಸ್ಯಾಟಲೈಟ್‌ನಿಂದ’ ಎಂದು ಹೇಳಿ ತರುಣರು ಮುಂದಿನ ಚಿತ್ರಕ್ಕೆ ಹೋದರು. ಅಜ್ಜರು ಕೂತುಕೊಂಡರು. ಆ ದಿನ ಯಾರೂ ಸಹಿ ಹಾಕಲಿಲ್ಲ.

ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾರಣ ಉಂಟು. ಇಪ್ಪತ್ತೇಳು ವರ್ಷಗಳಿಂದ ನಾನು ಅಂಗಳದ ಬದಿಯಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುತ್ತಾ ಬಂದವ. ಅಳೆಯುವುದು ಸುಲಭ, ಸರಿಯಾಗಿ ಅಳೆಯುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಮಗಳು ಬೆಂಗಳೂರಿನಿಂದ ತಂದುಕೊಟ್ಟ ಕಾಗದಪತ್ರಗಳನ್ನು ಮಳೆಗಾಲದ ಸಂಜೆಗಳಲ್ಲಿ ಕೂತು ಓದಿದೆ. ಓದಿದ್ದನ್ನು ಅಜ್ಜರಿಗೆ ಹೇಳಿದೆ. ‘ಇದನ್ನು ಬರೆದು ಹಾಕು, ನಾಲ್ಕು ಜನ ಓದಲಿ’ ಅಂದರು. ಹಾಗಾಗಿ ಈ ಲೇಖನ.

ಸುಣ್ಣಕ್ಕೆ ಮೊದಲೇ ಗೊತ್ತು

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಉಂಟು ಎಂಬುದನ್ನು ನಾವು ಕೃಷಿಕರು ಬೇರೆ ದಾರಿಯಿಂದ ತಿಳಿದೇ ಇದ್ದೇವೆ. ಬೋರ್ಡೋ ಮಾಡುವಾಗ ಹೊಸ ಸುಣ್ಣವೇ ಬೇಕು, ಗಾಳಿಗೆ ತೆರೆದಿಟ್ಟ ಹಳೇ ಸುಣ್ಣ ಬೇಡ ಅಂತ ಹಿರಿಯರು ಹೇಳುತ್ತಾರಲ್ಲ? ತೆರೆದಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನಕ್ಕೆ ಸೀಮೆಸುಣ್ಣದಂಥ ಪುಡಿಯಾಗುತ್ತದೆ. ಮೈಲುತುತ್ತಿನ ಹುಳಿ ಮುರಿಯುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಮಕ್ಕಳಿಗೆ ಮಾಡಿ ತೋರಿಸಬಹುದು. ಒಂದಿಷ್ಟು ಸುಣ್ಣ ನೀರಿನಲ್ಲಿ ಕದಡಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಗ್ಲಾಸಿಗೆ ಬಗ್ಗಿಸಿ. ಒಂದು ನಳಿಗೆಯಿಂದ ಅದಕ್ಕೆ ಊದಿ. (ಊದಬೇಕು, ಹೀರಬಾರದು. ಬಾಯಿ ಸುಟ್ಟೀತು!) ಸ್ವಲ್ಪ ಹೊತ್ತಿನಲ್ಲೇ ತಿಳಿ ನೀರು ಹಾಲಿನ ಹಾಗೆ ಬಿಳಿಯಾಗುತ್ತದೆ. ನಮ್ಮ ಉಸಿರಿನಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ನೂರು ಪಟ್ಟಿನಷ್ಟು ಹೆಚ್ಚು.

ಹತ್ತೊಂಬತ್ತನೇ ಶತಮಾನದ ವಿಜ್ಞಾನಿಗಳು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಸುಣ್ಣದ ಜಾತಿಯದೇ ಆದ ಬೇರಿಯಂ ದ್ರಾವಣದಲ್ಲಿ ಗಾಳಿಯನ್ನು ಕುಲುಕಿ, ದ್ರಾವಣದ ಶಕ್ತಿ ಎಷ್ಟು ಕುಂದಿತು ಎಂದು ಲೆಕ್ಕ ಹಾಕುತ್ತಿದ್ದರು. ಆದರೆ ಊರಿಗೊಂದು ಉತ್ತರ, ದಿನಕ್ಕೊಂದು ಉತ್ತರ. ಗಾಳಿಯೇ ಹಾಗೆ ಬದಲಾಗುತ್ತದೋ, ಅಳೆಯುವುದರಲ್ಲಿ ತಪ್ಪೋ ಎಂದು ಹೇಳುವ ಹಾಗೆ ಇರಲಿಲ್ಲ.

ಹತ್ತು ಸಾವಿರ ಚಾಲಿಯಲ್ಲಿ ನಾಲ್ಕು ಪಟೋರ

ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಉಳಿದ ಒಂದು ಪಾಲಿನಲ್ಲಿ ಹೆಚ್ಚಿನದು ಆರ್ಗಾನ್ ಎಂಬ ಅನಿಲ. ಇಂಗಾಲದ ಡೈಆಕ್ಸೈಡಿನ ಪಾಲು ಎಷ್ಟು ಸಣ್ಣದೆಂದರೆ ಅದನ್ನು ಹತ್ತು ಲಕ್ಷಕ್ಕೆ ಇಷ್ಟು ಎಂದು ಹೇಳಬೇಕಾಗುತ್ತದೆ. ಇದಕ್ಕೇ ‘ಪಿಪಿಎಂ’ ಅನ್ನುವುದು.

ಅಡಿಕೆಯ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ಸಾವಿರ ಚಾಲಿಯ ರಾಶಿಯಲ್ಲಿ ನಾಲ್ಕು ಪಟೋರ ಸೇರಿದ ಹಾಗೆ. 1958ರಲ್ಲಿ ಹತ್ತು ಸಾವಿರಕ್ಕೆ ಮೂರು ಚಿಲ್ಲರೆ ಇದ್ದದ್ದು ಈಗ ನಾಲ್ಕು ದಾಟಿದೆ. ಇಷ್ಟೇನಾ ಅಂತ ಅನಿಸಬಹುದು. ಆದರೆ ಸಾರಜನಕ, ಆಮ್ಲಜನಕಗಳು ಭೂಮಿಯಿಂದ ಮೇಲೇಳುವ ಶಾಖವನ್ನು ತಡೆಯುವುದಿಲ್ಲ. ಈ ನಾಲ್ಕು ಪಾಲು ತಡೆಯುತ್ತದೆ. ಇದನ್ನು ಜಾನ್ ಟಿಂಡಾಲ್ ಎಂಬ ವಿಜ್ಞಾನಿ 1859ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು.

ರಾಶಿಯಲ್ಲಿ ಪಟೋರ ಇದೆ ಎಂದು ಹೇಳಿದರೆ ಸಾಲದು. ಅದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೋ ಇಲ್ಲವೋ ಹೇಳಬೇಕಾದರೆ ಹತ್ತು ಲಕ್ಷದಲ್ಲಿ ಒಂದರ ವ್ಯತ್ಯಾಸವನ್ನೂ ಹಿಡಿಯಬೇಕು. ಅದನ್ನು ಸಾಧಿಸಿದವರು ಅಮೆರಿಕದ ಚಾರ್ಲ್ಸ್ ಡೇವಿಡ್ ಕೀಲಿಂಗ್.

ಹೊಳೆ ಬದಿಯಲ್ಲಿ ಸೀಸೆ ಹಿಡಿದವ

1955ರಲ್ಲಿ ಕೀಲಿಂಗ್ ಇನ್ನೂ ಇಪ್ಪತ್ತೇಳರ ತರುಣ. ಕ್ಯಾಲಿಫೋರ್ನಿಯಾದ ಬಿಗ್ ಸರ್ ಎಂಬ ಕಾಡಿನ ಹೊಳೆ ಬದಿಯಲ್ಲಿ ಬಿಡಾರ ಹೂಡಿ ಗಾಜಿನ ಸೀಸೆಗಳಲ್ಲಿ ಗಾಳಿ ತುಂಬಿಸಿದರು. ಹಗಲು ಮಾತ್ರ ಅಲ್ಲ, ನಡುರಾತ್ರಿಯೂ ಎದ್ದು ತುಂಬಿಸಿದರು. ಸೀಸೆಯೊಳಗಿನ ಗಾಳಿಯನ್ನು ಪೂರ್ತಿ ತೆಗೆದು ಬರಿದು ಮಾಡಿ ಬಿರಡೆ ಹಾಕಿ ಒಯ್ಯುವುದು. ಜಾಗಕ್ಕೆ ಹೋಗಿ, ತನ್ನ ಉಸಿರು ತಾಗದ ಹಾಗೆ ಹಿಡಿದು ಬಿರಡೆ ತೆರೆಯುವುದು. ಹೊರಗಿನ ಗಾಳಿ ತಾನಾಗಿ ನುಗ್ಗುತ್ತದೆ. ಮತ್ತೆ ಮುಚ್ಚಿ ಪ್ರಯೋಗಶಾಲೆಗೆ ತರುವುದು.

ಅಲ್ಲಿ ಅಳೆಯುವ ಕ್ರಮ ಹೀಗೆ. ಮೊದಲು ಗಾಳಿಯಲ್ಲಿರುವ ನೀರಿನ ಪಸೆ ತೆಗೆಯುತ್ತಾರೆ. ಆಮೇಲೆ ಆ ಗಾಳಿಯನ್ನು ಅತಿ ಶೀತದ ದ್ರವದಲ್ಲಿ ಮುಳುಗಿದ ಕೊಳವೆಯೊಳಗೆ ಹಾಯಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಹೆಪ್ಪುಗಟ್ಟಿ ಕೊಳವೆಯಲ್ಲಿ ಉಳಿಯುತ್ತದೆ. ಉಳಿದ ಗಾಳಿಯನ್ನು ಪಂಪಿನಿಂದ ಹೊರಗೆ ಹಾಕುತ್ತಾರೆ. ಹೆಪ್ಪುಗಟ್ಟಿದ್ದನ್ನು ಮತ್ತೆ ಬಿಸಿ ಮಾಡಿ ಅನಿಲವಾಗಿಸಿ, ಗಾತ್ರ ಗೊತ್ತಿರುವ ಒಂದು ಪುಟ್ಟ ಕೋಣೆಯಲ್ಲಿ ತುಂಬಿ, ಅದರ ಒತ್ತಡವನ್ನು ಪಾದರಸದ ಕಂಬದಿಂದ ಅಳೆಯುತ್ತಾರೆ. ಗಾತ್ರ, ಒತ್ತಡ, ಉಷ್ಣತೆ ಈ ಮೂರು ಗೊತ್ತಾದರೆ ಅನಿಲ ಎಷ್ಟಿದೆ ಎಂಬುದು ಗೊತ್ತಾದ ಹಾಗೆ. ನಿಧಾನದ ಕೆಲಸ. ಆದರೆ ಬಹಳ ನಿಖರ.

ಕೀಲಿಂಗ್ ಕಂಡದ್ದು ಇಷ್ಟು: ರಾತ್ರಿ ಕಾಡಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಹಗಲು ಕಡಿಮೆ. ಗಿಡಮರ, ಮಣ್ಣು ಎಲ್ಲ ರಾತ್ರಿ ಉಸಿರು ಬಿಡುತ್ತವೆ. ಹಗಲು ಎಲೆಗಳು ಹೀರುತ್ತವೆ. ನಮ್ಮ ಅಡಿಕೆ ತೋಟದಲ್ಲಿ ಬೆಳಗಿನ ಜಾವ ಅಳೆದರೂ ಹೀಗೆಯೇ ಹೆಚ್ಚು ಕಂಡೀತು. ಆದರೆ ಮಧ್ಯಾಹ್ನದ ಮೇಲೆ ಗಾಳಿ ಚೆನ್ನಾಗಿ ಬೆರೆತಾಗ ಅಳೆದರೆ, ಕಾಡಿರಲಿ, ಎತ್ತರದ ಬೆಟ್ಟವಿರಲಿ, ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಅಂಕಿ – ಸುಮಾರು 310. ಹಾಗಾದರೆ ಊರಿಗೊಂದು ಉತ್ತರ ಬಂದದ್ದು ಎಲ್ಲೆಂದರಲ್ಲಿ, ಯಾವಾಗೆಂದರೆ ಆವಾಗ ಅಳೆದದ್ದರಿಂದ. ಊರ ಗಾಳಿಯ ಗಲಾಟೆ ತಾಗದ ಜಾಗದಲ್ಲಿ ಅಳೆದರೆ ಇಡೀ ಭೂಮಿಯ ಲೆಕ್ಕ ಸಿಕ್ಕೀತು.

ಇಲ್ಲಿ ನನ್ನದೊಂದು ತಪ್ಪು ಹೇಳುತ್ತೇನೆ. ನನ್ನ ಮಳೆಮಾಪಕದ ಪಕ್ಕ ಒಂದು ಹಲಸಿನ ಮರ. ಮಾಪಕ ಇಟ್ಟಾಗ ಅದು ಮೊಣಕಾಲೆತ್ತರದ ಗಿಡ. ಬೆಳೆದದ್ದು ನನ್ನ ಗಮನಕ್ಕೆ ಬರಲಿಲ್ಲ. ಎರಡು ವರ್ಷ ನನ್ನ ಮಳೆ ನೆರೆಮನೆಯವರ ಮಳೆಗಿಂತ ಕಡಿಮೆ ಬಂತು. ನಮ್ಮಲ್ಲಿ ಮಳೆ ಕಡಿಮೆಯಾಯ್ತು ಅಂತ ನಾಲ್ಕು ಜನರ ಹತ್ತಿರ ಹೇಳಿಕೊಂಡೂ ಬಂದೆ. ನೋಡಿದರೆ ಹಲಸಿನ ಗೆಲ್ಲು ಮಾಪಕಕ್ಕೆ ಕೊಡೆ ಹಿಡಿದಿತ್ತು! ಮಳೆ ಕಡಿಮೆ ಆಗಿದ್ದಲ್ಲ, ಜಾಗ ಕೆಟ್ಟಿದ್ದು.

ಸಮುದ್ರದ ನಡುವಿನ ಬೋಳು ಗುಡ್ಡ

ಜಾಗ ಹುಡುಕಿ ಅವರು ಹೋದದ್ದು ಶಾಂತಸಾಗರದ ನಡುವಿನ ಹವಾಯಿ ದ್ವೀಪಕ್ಕೆ. ಅಲ್ಲಿನ ಮೌನಾ ಲೋವಾ ಎಂಬ ಅಗ್ನಿಪರ್ವತದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ ಒಂದು ಹವಾಮಾನ ಠಾಣೆ. ಸುತ್ತಲೂ ಕಪ್ಪು ಲಾವಾ ಕಲ್ಲು. ಮರವಿಲ್ಲ, ಕಾರ್ಖಾನೆ ಇಲ್ಲ. ಸಾವಿರಾರು ಕಿಲೋಮೀಟರ್ ಸಮುದ್ರದ ಮೇಲೆ ಹಾದು ಚೆನ್ನಾಗಿ ಬೆರೆತ ಗಾಳಿ ಅಲ್ಲಿಗೆ ಬರುತ್ತದೆ. 1958ರ ಮಾರ್ಚಿನಲ್ಲಿ ಅಲ್ಲಿ ಬರೆದ ಮೊದಲ ಅಂಕಿ 313.

ಅಗ್ನಿಪರ್ವತವೇ ಹೊಗೆ ಉಗುಳುವುದಿಲ್ವಾ ಎಂದು ಅಜ್ಜರು ಕೂಡಲೇ ಕೇಳಿದರು. ಹೌದು, ಕೆಲವು ರಾತ್ರಿ ಬಿರುಕುಗಳಿಂದ ಬಂದ ಅನಿಲ ಠಾಣೆಗೆ ತಾಗುತ್ತದೆ. ಹಗಲು ಬಿಸಿಲೇರಿದಾಗ ಕೆಳಗಿನ ಕಾಡು, ಹೊಲಗಳ ಗಾಳಿ ಗುಡ್ಡ ಹತ್ತಿ ಬರುತ್ತದೆ. ಆದರೆ ಹೀಗೆ ಬಂದಾಗ ಅಂಕಿಗಳು ನಿಮಿಷ ನಿಮಿಷಕ್ಕೆ ಕುಣಿಯುತ್ತವೆ. ಬೆರೆತ ಗಾಳಿ ಬಂದಾಗ ಗಂಟೆಗಟ್ಟಲೆ ಒಂದೇ ಸಮ ಇರುತ್ತವೆ. ಗಾಳಿ ಯಾವ ದಿಕ್ಕಿನಿಂದ ಬೀಸಿತು ಎಂಬುದನ್ನೂ ನೋಡಿ, ಕುಣಿಯುವ ಗಂಟೆಗಳನ್ನು ಲೆಕ್ಕದಿಂದ ಬೇರೆ ಇಡುತ್ತಾರೆ. ಚಾಲಿ ಹೆಕ್ಕುವಾಗ ಕೋಕಾ ಬೇರೆ ಮಾಡಿದ ಹಾಗೆ. ಬೇರೆ ಇಟ್ಟದ್ದನ್ನು ಅಳಿಸಿ ಹಾಕುವುದಿಲ್ಲ, ಗುರುತು ಹಾಕಿ ಉಳಿಸುತ್ತಾರೆ.

ಯಂತ್ರದೊಳಗೆ ಏನುಂಟು?

ಸೀಸೆ ತುಂಬಿ ಹೆಪ್ಪುಗಟ್ಟಿಸುವ ಕೆಲಸವನ್ನು ಗಂಟೆ ಗಂಟೆಗೆ ಮಾಡಲಿಕ್ಕಾಗುವುದಿಲ್ಲ. ಅದಕ್ಕೆ ಕೀಲಿಂಗ್ ಅವಕೆಂಪು ಕಿರಣದ ಯಂತ್ರ ತಂದರು. ಅವಕೆಂಪು ಎಂದರೆ ಕಣ್ಣಿಗೆ ಕಾಣದ, ಚರ್ಮಕ್ಕೆ ಬಿಸಿಯಾಗಿ ತಾಗುವ ಬೆಳಕು. ಉರಿಯುವ ಒಲೆಯ ಮುಂದೆ ನಿಂತರೆ ತಾಗುತ್ತದಲ್ಲ, ಅದು. ಒಂದು ಕೊಳವೆಯ ಈ ತುದಿಯಲ್ಲಿ ಅಂಥ ಬೆಳಕಿನ ಮೂಲ, ಆ ತುದಿಯಲ್ಲಿ ಬೆಳಕನ್ನು ಗುರುತಿಸುವ ಸಾಧನ. ನಡುವೆ ಒಣಗಿಸಿದ ಗಾಳಿ ಹರಿಯುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಷ್ಟೂ ಬೆಳಕು ಹೆಚ್ಚು ನುಂಗಿಹೋಗಿ ಆಚೆ ಮುಟ್ಟುವುದು ಕಡಿಮೆ. ಆಗಿನ ಕಾಲದಲ್ಲಿ ಒಂದು ಪೆನ್ನು ಉರುಳುವ ಕಾಗದದ ಮೇಲೆ ಈ ಏರಿಳಿತವನ್ನು ಗೀಚುತ್ತಿತ್ತು.

ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ‘ನೋವಾ’ 1974ರಿಂದ ಅದೇ ಠಾಣೆಯಲ್ಲಿ ತನ್ನದೇ ಯಂತ್ರ ಇಟ್ಟು ಬೇರೆಯಾಗಿ ಅಳೆಯುತ್ತಾ ಬಂದಿದೆ. ಅದು 2019ರಲ್ಲಿ ಹೊಸ ಬಗೆಯ ಲೇಸರ್ ಯಂತ್ರಕ್ಕೆ ಬದಲಾಯಿತು. ಅದರ ಕ್ರಮ ದೇವಸ್ಥಾನದ ಗಂಟೆಯ ಹಾಗೆ. ಗಂಟೆ ಹೊಡೆದರೆ ನಾದ ನಿಧಾನಕ್ಕೆ ಅಡಗುತ್ತದೆ. ಬಟ್ಟೆ ತಾಗಿಸಿದರೆ ಬೇಗ ಅಡಗುತ್ತದೆ. ಇಲ್ಲಿ ಎದುರುಬದುರು ಕನ್ನಡಿಗಳಿರುವ ಪುಟ್ಟ ಪೆಟ್ಟಿಗೆಯೊಳಗೆ ಲೇಸರ್ ಬೆಳಕು ಬಿಟ್ಟು ಥಟ್ಟನೆ ನಿಲ್ಲಿಸುತ್ತಾರೆ. ಬೆಳಕು ಕನ್ನಡಿಯಿಂದ ಕನ್ನಡಿಗೆ ಸಾವಿರಾರು ಸಲ ಪುಟಿದು ಅಡಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದರೆ ಬೇಗ ಅಡಗುತ್ತದೆ. ಅಡಗಲು ಹಿಡಿದ ಹೊತ್ತಿನಿಂದಲೇ ಲೆಕ್ಕ.

ತಕ್ಕಡಿಗೆ ಸೀಲು ಹಾಕಿದವರು ಯಾರು?

ಅಜ್ಜರ ಪ್ರಶ್ನೆಯ ನಿಜವಾದ ಉತ್ತರ ಇಲ್ಲಿದೆ. ಯಂತ್ರ ಎಷ್ಟು ಒಳ್ಳೆಯದಾದರೂ ದಿನ ಕಳೆದ ಹಾಗೆ ಅಳತೆ ತುಸು ಅತ್ತಿತ್ತ ಜಾರುತ್ತದೆ. ನಮ್ಮ ಸೊಸೈಟಿಯ ತಕ್ಕಡಿಗೆ ಸರಕಾರದವರು ಬಂದು ತೂಕದ ಕಲ್ಲಿಟ್ಟು ನೋಡಿ ಸೀಲು ಹಾಕುವುದಿಲ್ವಾ? ಹಾಗೆಯೇ ಇಲ್ಲಿ ‘ತೂಕದ ಕಲ್ಲು’ ಎಂದರೆ ಸಿಲಿಂಡರಿನಲ್ಲಿ ತುಂಬಿಟ್ಟ ಗಾಳಿ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇಷ್ಟೇ ಇದೆ ಎಂದು ಮೊದಲೇ ಅಳೆದು ಗುರುತು ಮಾಡಿರುತ್ತಾರೆ. ಠಾಣೆಯ ಯಂತ್ರಕ್ಕೆ ಹೊರಗಿನ ಗಾಳಿಯನ್ನೂ ಸಿಲಿಂಡರಿನ ಗಾಳಿಯನ್ನೂ ಸರದಿಯಂತೆ ಮತ್ತೆ ಮತ್ತೆ ಕೊಟ್ಟು ಹೋಲಿಸುತ್ತಾರೆ.

ಆ ಸಿಲಿಂಡರ್ ಸರಿ ಉಂಟು ಅಂತ ಹೇಗೆ? ಅದನ್ನು ಅದಕ್ಕಿಂತ ಮೇಲಿನ ಸಿಲಿಂಡರಿನ ಜೊತೆ ಹೋಲಿಸಿರುತ್ತಾರೆ. ಹೀಗೆ ಮೇಲೆ ಮೇಲೆ ಹೋದರೆ ಕೊನೆಗೆ ಸಿಗುವುದು ಅಮೆರಿಕದ ಬೌಲ್ಡರ್ ಎಂಬಲ್ಲಿ ನೋವಾ ಪ್ರಯೋಗಶಾಲೆಯಲ್ಲಿರುವ ಮೂಲ ಸಿಲಿಂಡರ್‌ಗಳು. ವಿಶ್ವ ಹವಾಮಾನ ಸಂಸ್ಥೆಗೆ ಇವೇ ಮೂಲ ಅಳತೆ. ಇವುಗಳನ್ನು ಕಾಲಕಾಲಕ್ಕೆ ಮತ್ತೆ ಅಳೆಯುವುದು ಹಳೇ ದಾರಿಯಲ್ಲೇ – ಹೆಪ್ಪುಗಟ್ಟಿಸಿ, ಗಾತ್ರ ಒತ್ತಡ ನೋಡಿ. ಯಾವ ದೇಶದವರು ಅಳೆದರೂ ಒಂದೇ ಕಲ್ಲಿನಲ್ಲಿ ತೂಗಿದ ಹಾಗೆ ಆಗುವುದು ಇದರಿಂದ. ಇಷ್ಟೆಲ್ಲ ಮಾಡಿ ಹತ್ತು ಲಕ್ಷದಲ್ಲಿ ಒಂದರ ಹತ್ತನೇ ಒಂದು ಪಾಲಿನಷ್ಟು ವ್ಯತ್ಯಾಸವನ್ನೂ ಹಿಡಿಯುತ್ತಾರೆ.

ಗರಗಸದ ಹಲ್ಲು

ಇನ್ನು ಸಭೆಯಲ್ಲಿ ಕಂಡ ಆ ಅಂಕುಡೊಂಕು ಗೆರೆ. ಮೌನಾ ಲೋವಾದ ಮೊದಲ ವರ್ಷ ಕೀಲಿಂಗ್ ಅವರಿಗೂ ಗಲಿಬಿಲಿಯಾಗಿತ್ತು. ಮೇ ತಿಂಗಳವರೆಗೆ ಅಂಕಿ ಏರಿತು. ಆಮೇಲೆ ಇಳಿಯತೊಡಗಿತು. ನಡುನಡುವೆ ಕರೆಂಟು ಹೋಗಿ ಯಂತ್ರ ನಿಂತಿತು. ಎರಡನೇ ವರ್ಷವೂ ಹಾಗೆಯೇ ಏರಿ ಇಳಿದಾಗ ಗುಟ್ಟು ಗೊತ್ತಾಯಿತು. ಭೂಮಿಯ ಹೆಚ್ಚಿನ ನೆಲ, ಕಾಡು ಇರುವುದು ಉತ್ತರಾರ್ಧದಲ್ಲಿ. ಅಲ್ಲಿ ಚಳಿಗಾಲ ಕಳೆದು ಮರಗಳು ಚಿಗುರಿ, ಬೆಳೆ ಎದ್ದು ನಿಂತಾಗ ಗಾಳಿಯ ಇಂಗಾಲ ಎಲೆಗೆ ಹೋಗುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ತನಕ ಅಂಕಿ ಇಳಿಯುತ್ತದೆ. ಎಲೆ ಉದುರಿ ಕೊಳೆಯುವಾಗ ಮತ್ತೆ ಗಾಳಿಗೆ ಬರುತ್ತದೆ, ಅಂಕಿ ಏರುತ್ತದೆ. ಒಂದು ಹಲ್ಲು ಎಂದರೆ ಒಂದು ವರ್ಷ. ಹಲ್ಲಿನ ಎತ್ತರ ಸುಮಾರು ಆರು ಪಿಪಿಎಂ.

ಆದರೆ ಪ್ರತಿ ವರ್ಷ ಏರಿದಷ್ಟು ಇಳಿಯಲಿಲ್ಲ. 1959ರ ಇಡೀ ವರ್ಷದ ಸರಾಸರಿ ಸುಮಾರು 316. 2024ರ ಸರಾಸರಿ ಸುಮಾರು 424. 1960ರ ದಶಕದಲ್ಲಿ ವರ್ಷಕ್ಕೆ ಒಂದಕ್ಕಿಂತ ಕಡಿಮೆ ಹೆಚ್ಚುತ್ತಿದ್ದದ್ದು ಈಚಿನ ದಶಕದಲ್ಲಿ ವರ್ಷಕ್ಕೆ ಎರಡಕ್ಕಿಂತ ಹೆಚ್ಚು. ವರ್ಷದ ಏರಿಳಿತ ಆರು, ನಿಜವಾದ ಏರಿಕೆ ಒಂದೋ ಎರಡೋ. ಎರಡು ತಿಂಗಳು ಅಳೆದು ಬಿಟ್ಟಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ಬಿಡದೆ ಬರೆದದ್ದರಿಂದ ತಿಳಿಯಿತು.

ಈ ಹೆಚ್ಚಳ ಬಂದದ್ದು ಎಲ್ಲಿಂದ ಎಂಬುದಕ್ಕೂ ಅಳತೆ ಉಂಟು. ಕಲ್ಲಿದ್ದಲು, ಪೆಟ್ರೋಲು ಕೋಟಿಗಟ್ಟಲೆ ವರ್ಷ ನೆಲದಡಿ ಇದ್ದವು. ಹಾಗಾಗಿ ಜೀವವಿರುವ ಗಿಡಮರಗಳಲ್ಲಿರುವ ‘ಇಂಗಾಲ-14’ ಎಂಬ ಜಾತಿಯ ಇಂಗಾಲ ಅವುಗಳಲ್ಲಿ ಪೂರ್ತಿ ನಶಿಸಿದೆ. ಅವನ್ನು ಸುಟ್ಟ ಹೊಗೆ ಸೇರಿದಷ್ಟೂ ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗುತ್ತದೆ. ಹಾನ್ಸ್ ಸೂಯೆಸ್ ಎಂಬವರು 1955ರಲ್ಲಿ ಮರದ ಉಂಗುರಗಳಲ್ಲಿ ಇದನ್ನು ಕಂಡುಹಿಡಿದರು. ಸುಡಲಿಕ್ಕೆ ಆಮ್ಲಜನಕವೂ ಬೇಕಲ್ಲ? ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಗಾಳಿಯ ಆಮ್ಲಜನಕ ಅಳೆಯುವ ವಿಧಾನ ಕಂಡುಹಿಡಿದರು. ಅದು ತುಸು ತುಸುವೇ ಇಳಿಯುತ್ತಿದೆ. ಉಸಿರಾಟಕ್ಕೆ ಕೊರತೆ ಬರುವಷ್ಟಲ್ಲ, ಹೆದರುವುದು ಬೇಡ. ಲೆಕ್ಕ ತಾಳೆಯಾಗುವಷ್ಟು.

1958ಕ್ಕಿಂತ ಹಿಂದಿನದ್ದು? ಅಂಟಾರ್ಕ್ಟಿಕಾದಲ್ಲಿ ಹಿಮ ಪದರ ಪದರವಾಗಿ ಬಿದ್ದು ಮಂಜುಗಡ್ಡೆಯಾಗುವಾಗ ಗಾಳಿಯ ಗುಳ್ಳೆಗಳು ಒಳಗೆ ಸಿಕ್ಕಿಬೀಳುತ್ತವೆ. ಆಳಕ್ಕೆ ಕೊರೆದು ತೆಗೆದ ಗಡ್ಡೆಯನ್ನು ಗಾಳಿಯಿಲ್ಲದ ಪಾತ್ರೆಯಲ್ಲಿ ಪುಡಿಮಾಡಿ ಆ ಹಳೇ ಗಾಳಿಯನ್ನು ಅಳೆಯುತ್ತಾರೆ. ಎಂಟು ಲಕ್ಷ ವರ್ಷದ ಲೆಕ್ಕ ಹೀಗೆ ಸಿಕ್ಕಿದೆ. ಅಷ್ಟು ಕಾಲ ಅಂಕಿ ಸುಮಾರು 180ರಿಂದ 300ರ ಒಳಗೇ ಆಡಿತ್ತು. ಕಾರ್ಖಾನೆಗಳು ಬರುವ ಮೊದಲು ಸುಮಾರು 280.

ಪುಸ್ತಕದಲ್ಲೊಂದು ಖಾಲಿ ಪುಟ

ನನ್ನ ಮಳೆ ಪುಸ್ತಕದಲ್ಲಿ ಒಂದು ವರ್ಷದ ಜುಲೈಯಲ್ಲಿ ಹನ್ನೆರಡು ದಿನ ಖಾಲಿ. ಮಗಳ ಬಾಣಂತನಕ್ಕೆ ನಾವಿಬ್ಬರೂ ಬೆಂಗಳೂರಿಗೆ ಹೋದದ್ದು. ಮನೆ ನೋಡಿಕೊಳ್ಳುವವನಿಗೆ ಮಳೆ ಅಳೆಯಲು ಹೇಳಲು ಮರೆತೆ. ಆ ಹನ್ನೆರಡು ದಿನ ಎಷ್ಟು ಮಳೆ ಬಂತು ಅಂತ ಇನ್ನು ಯಾರೂ ಹೇಳಲಾರರು.

ಮೌನಾ ಲೋವಾದ ಗೆರೆಯಲ್ಲೂ ಅಂಥದ್ದೊಂದು ಖಾಲಿ ಜಾಗ ಉಂಟು. 1964ರಲ್ಲಿ ಸರಕಾರ ಹಣ ಕಡಿತ ಮಾಡಿತು. ಕೆಲವು ತಿಂಗಳುಗಳ ಅಳತೆ ಹೋಯಿತು. ಬರೀ ಒಂದೇ ಅಂಕಿಯನ್ನು ದಿನಾ ಬರೆಯುವುದು ಯಾವ ವಿಜ್ಞಾನ ಎಂಬ ಮಾತನ್ನು ಕೀಲಿಂಗ್ ಬಹಳ ವರ್ಷ ಕೇಳಬೇಕಾಯಿತು. ಹಣಕ್ಕಾಗಿ ಬಾಗಿಲು ಬಾಗಿಲು ತಟ್ಟುತ್ತಲೇ 2005ರಲ್ಲಿ ತೀರಿಕೊಳ್ಳುವವರೆಗೂ ಲೆಕ್ಕ ಬಿಡಲಿಲ್ಲ. ಈಗ ಅದನ್ನು ನಡೆಸುವುದು ಮಗ ರಾಲ್ಫ್. ತೋಟದ ಹಾಗೆ ಲೆಕ್ಕವೂ ಅಪ್ಪನಿಂದ ಮಗನಿಗೆ ಬಂತು.

2022ರ ನವೆಂಬರಿನಲ್ಲಿ ಮೌನಾ ಲೋವಾ ಪರ್ವತ ಸಿಡಿಯಿತು. ಲಾವಾ ಹರಿದು ಠಾಣೆಯ ರಸ್ತೆ, ಕರೆಂಟು ಎರಡೂ ಕಡಿದುಹೋದವು. ಅವರು ಡಿಸೆಂಬರಿನಲ್ಲೇ ಅದೇ ದ್ವೀಪದ ಪಕ್ಕದ ಗುಡ್ಡ ಮೌನಾ ಕೇಯಾದಲ್ಲಿ ಯಂತ್ರ ಇಟ್ಟು ಅಳತೆ ಮುಂದುವರಿಸಿದರು. 2023ರಲ್ಲಿ ಹಳೇ ಜಾಗದಲ್ಲೂ ಮತ್ತೆ ಆರಂಭಿಸಿದರು. ಲಾವಾಕ್ಕಿಂತ ದೊಡ್ಡ ಭಯ ಬಜೆಟ್ಟಿನದ್ದು. 2025ರಲ್ಲಿ ಅಮೆರಿಕದ ಆಡಳಿತ ಮುಂದಿಟ್ಟ ಬಜೆಟ್ ಪ್ರಸ್ತಾವದಲ್ಲಿ ಈ ಠಾಣೆಯೂ ಸೇರಿದ ಪ್ರಯೋಗಶಾಲೆಗಳ ಹಣ ನಿಲ್ಲಿಸುವ ಮಾತಿತ್ತು. ಹೊಲಿದ ಬಟ್ಟೆ ಹರಿದರೆ ಮತ್ತೆ ಹೊಲಿಯಬಹುದು. ಕಳೆದುಹೋದ ದಿನದ ಅಳತೆಯನ್ನು ಯಾವ ದುಡ್ಡಿಗೂ ತರಲಿಕ್ಕಾಗದು.

ನಮ್ಮ ಕಡಲ ಬದಿಯ ಸೀಸೆ

ಇದೆಲ್ಲ ದೂರದ ಸುದ್ದಿ ಅಂತ ಅಲ್ಲ. ಕಾರವಾರದಿಂದ ಉತ್ತರಕ್ಕೆ ಹೋದರೆ ಗೋವೆಯ ಕಾಣಕೋಣ ತಾಲೂಕಿನಲ್ಲಿ ಸಮುದ್ರಕ್ಕೆ ಚಾಚಿದ ಒಂದು ಗುಡ್ಡ, ಮೇಲೊಂದು ಹಳೇ ಕೋಟೆ. ಕಾಬೋ ಡಿ ರಾಮಾ ಎಂದು ಹೆಸರು. 1993ರಿಂದ ಅಲ್ಲಿ ಗಾಜಿನ ಸೀಸೆಗಳಲ್ಲಿ ಗಾಳಿ ತುಂಬಿಸಿ ಆಸ್ಟ್ರೇಲಿಯಾದ ಪ್ರಯೋಗಶಾಲೆಗೆ ಕಳಿಸಿ ಅಳೆಯುತ್ತಿದ್ದರು. ನಮ್ಮ ಅಹಮದಾಬಾದಿನ ಭೌತ ಸಂಶೋಧನಾಲಯ ಮತ್ತು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ಸೇರಿ ಮಾಡಿದ ಕೆಲಸ. 2002ರ ತನಕ ನಡೆದು ನಿಂತಿತು. ಕೆಲವು ವರ್ಷಗಳ ಬಳಿಕ ಮತ್ತೆ ಮಾಡಿದರು.

ಆ ಸೀಸೆಗಳು ಹೇಳಿದ್ದು ನಮಗೆ ಅರ್ಥವಾಗುವ ಮಾತು. ಮುಂಗಾರಿನಲ್ಲಿ ನೈಋತ್ಯದಿಂದ ಬೀಸುವ ಗಾಳಿ ಸಮುದ್ರದ ಮೇಲಿನಿಂದ ಬರುವ ಶುದ್ಧ ಗಾಳಿ. ಚಳಿಗಾಲದಲ್ಲಿ ಈಶಾನ್ಯದಿಂದ ಬರುವ ಗಾಳಿಯಲ್ಲಿ ಭೂಮಿಯ ಕಡೆಯ ಹೊಗೆ, ಮಣ್ಣಿನ ಉಸಿರು ಎಲ್ಲ ಇರುತ್ತದೆ. ಒಂದೇ ಜಾಗ, ಎರಡು ಗಾಳಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವ ಲಡಾಖಿನ ಹಾನ್ಲೆಯಲ್ಲೂ, 4,500 ಮೀಟರ್ ಎತ್ತರದಲ್ಲಿ, ಫ್ರಾನ್ಸಿನವರ ಸಹಕಾರದಿಂದ ಯಂತ್ರ ಇಟ್ಟು ಅಳೆದಿದ್ದಾರೆ.

ಸಭೆಯಲ್ಲಿ ತರುಣರು ಹೇಳಿದ ಸ್ಯಾಟಲೈಟ್ ಸುಳ್ಳಲ್ಲ. ಜಪಾನಿನದ್ದು 2009ರಲ್ಲಿ, ಅಮೆರಿಕದ್ದು 2014ರಲ್ಲಿ ಮೇಲೆ ಹೋದವು. ನೆಲದಿಂದ ಪ್ರತಿಫಲಿಸಿ ಬರುವ ಬಿಸಿಲಿನಲ್ಲಿ ಎಷ್ಟು ನುಂಗಿಹೋಗಿದೆ ಎಂದು ನೋಡಿ ಅವು ಲೆಕ್ಕ ಹಾಕುತ್ತವೆ. ಆದರೆ ದಟ್ಟ ಮೋಡ ಇದ್ದರೆ ಕಾಣುವುದಿಲ್ಲ. ಅವುಗಳ ಲೆಕ್ಕ ಸರಿಯೋ ಎಂದು ತಾಳೆ ನೋಡುವುದು ಕೊನೆಗೆ ನೆಲದ ಮೇಲಿನ ಅಳತೆಯ ಜೊತೆಗೇ.

ನನ್ನ ತೋಟದ ಲೆಕ್ಕ?

ಇಲ್ಲಿ ಒಂದು ಮಾತು ಸ್ಪಷ್ಟ ಇರಬೇಕು. ಮೌನಾ ಲೋವಾದ ಗೆರೆ ಇಡೀ ಭೂಮಿಯ ಗಾಳಿಯ ಲೆಕ್ಕ. ನಾವು ಮನುಷ್ಯರು ಬಿಟ್ಟದ್ದರಲ್ಲಿ ಸುಮಾರು ಅರ್ಧ ಗಾಳಿಯಲ್ಲೇ ಉಳಿದಿದೆ, ಉಳಿದದ್ದು ಸಮುದ್ರಕ್ಕೂ ಕಾಡು-ಮಣ್ಣಿಗೂ ಹೋಗಿದೆ ಎಂದು ಅದು ಹೇಳುತ್ತದೆ. ನನ್ನ ಒಂದೂವರೆ ಎಕರೆ ತೋಟ ಎಷ್ಟು ಹೀರಿತು ಎಂದು ಹೇಳುವುದಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ತೋಟದ ಲೆಕ್ಕಕ್ಕೆ ಮರದ ಸುತ್ತಳತೆ, ಎತ್ತರ ಅಳೆಯಬೇಕು. ಗುಂಡಿ ತೆಗೆದು ಮಣ್ಣಿನ ಮಾದರಿ ಪರೀಕ್ಷಿಸಬೇಕು. ವರ್ಷಗಳ ಬಳಿಕ ಅದೇ ಜಾಗದಲ್ಲಿ ಮತ್ತೆ ಅಳೆಯಬೇಕು. ಎರಡು ಬೇರೆ ಬೇರೆ ಲೆಕ್ಕ. ಒಂದರ ಚಿತ್ರ ತೋರಿಸಿ ಇನ್ನೊಂದಕ್ಕೆ ಸಹಿ ಕೇಳಿದರೆ ನಾವು ಎಚ್ಚರ ಇರಬೇಕು.

ಹಾಗಂತ ಅಂಥ ಯೋಜನೆ ಎಲ್ಲವೂ ಮೋಸ ಅಂತ ನಾನು ಹೇಳುವುದಿಲ್ಲ. ಕೇಳಬೇಕಾದ್ದನ್ನು ಕೇಳಿ ಸಹಿ ಹಾಕಿ ಅಂತ ಮಾತ್ರ. ನಾನು ಬರೆದಿಟ್ಟುಕೊಂಡ ಪ್ರಶ್ನೆಗಳು ಇವು: ನನ್ನ ತೋಟದಲ್ಲಿ ಏನನ್ನು ಅಳೆಯುತ್ತೀರಿ – ಮರವನ್ನೋ, ಮಣ್ಣನ್ನೋ? ಯಾರು, ಎಷ್ಟು ವರ್ಷಕ್ಕೊಮ್ಮೆ? ನಿಮ್ಮ ಅಳತೆಯನ್ನು ಬೇರೆ ಯಾರು ತಾಳೆ ನೋಡುತ್ತಾರೆ? ಅಳತೆಯ ಪ್ರತಿ ನನ್ನ ಕೈಗೆ ಕೊಡುತ್ತೀರಾ? ಒಪ್ಪಂದ ಎಷ್ಟು ವರ್ಷ? ಗಾಳಿಗೆ ಮರ ಬಿದ್ದರೆ, ರೋಗ ಬಂದು ತೋಟ ಹೋದರೆ, ನಾನು ಬೇರೆ ಬೆಳೆಗೆ ತಿರುಗಿದರೆ ಲೆಕ್ಕ ಏನಾಗುತ್ತದೆ?

ತರುಣರು ದೀಪಾವಳಿ ಕಳೆದು ಮತ್ತೆ ಬಂದಿದ್ದರು. ಅಜ್ಜರು ಈ ಪಟ್ಟಿ ಹಿಡಿದುಕೊಂಡೇ ಸಭೆಗೆ ಹೋದರು. ಎರಡಕ್ಕೆ ಉತ್ತರ ಸಿಕ್ಕಿತು, ಉಳಿದದ್ದಕ್ಕೆ ‘ಕೇಳಿ ಹೇಳ್ತೇವೆ’ ಅಂದರಂತೆ. ‘ಹೇಳಲಿ. ಸಹಿಗೆ ಗಡಿಬಿಡಿ ಏನಿಲ್ಲ’ ಅಂತ ಅಜ್ಜರ ತೀರ್ಮಾನ.

ನಾನು ಮಾಡಿದ್ದು ಒಂದೇ ಕೆಲಸ. ಹಲಸಿನ ಮರ ಕಡಿಯಲು ಮನಸ್ಸು ಬರಲಿಲ್ಲ. ಮಳೆಮಾಪಕವನ್ನೇ ಬಯಲು ಗದ್ದೆಯ ಬದಿಗೆ ಒಯ್ದು ನೆಟ್ಟೆ. ಜಾಗ ಬದಲಾಯಿಸಿದ ದಿನವನ್ನು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಮರದಡಿಯ ಎರಡು ವರ್ಷದ ಅಂಕಿಗಳನ್ನು ಹೊಡೆದು ಹಾಕಲಿಲ್ಲ, ಪಕ್ಕದಲ್ಲಿ ‘ಗೆಲ್ಲಿನ ನೆರಳು’ ಅಂತ ಗುರುತು ಹಾಕಿದೆ. ಇನ್ನು ಊರು ಬಿಟ್ಟು ಹೋಗುವಾಗ ಅಳೆಯುವುದು ಯಾರು ಅಂತಲೂ ಗೊತ್ತು ಮಾಡಿದ್ದೇನೆ. ಆರನೇ ತರಗತಿಯ ಮೊಮ್ಮಗ ರಜೆಯಲ್ಲಿ ಬಂದವನು ಕಲಿತುಕೊಂಡಿದ್ದಾನೆ. ನೆರೆಮನೆಯ ಹುಡುಗಿಗೂ ಅವನೇ ಕಲಿಸಿ ಹೋದ.